ಸೀಟು ಹುಡುಕುವ ಮೊದಲು ವಾರ್ಡ್ ನೋಡಿ: ಮಂಡ್ಯ, ಮೈಸೂರಿನ ಮಕ್ಕಳಿಗೆ ನರ್ಸಿಂಗ್ ಓದಿನ ಹೋಲಿಕೆ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಮದ್ದೂರು, ಮಳವಳ್ಳಿ, ಪಾಂಡವಪುರ ಕಡೆಯ ನೆಂಟರು, ನೆಂಟರ ಪಕ್ಕದ ಮನೆಯವರು, ಯಾವಾಗಲೋ ನಮ್ಮ ವಾರ್ಡ್‌ನಲ್ಲಿ ಅಡ್ಮಿಟ್ ಆಗಿದ್ದವರ ಮನೆಯವರು ಫೋನ್ ಮಾಡುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ. 'ಸಿಸ್ಟರ್, ಮಗಳನ್ನ ನರ್ಸಿಂಗಿಗೆ ಸೇರಿಸ್ಬೇಕು. ಯಾವುದು ಒಳ್ಳೇದು?'

ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಮಗಳು ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಂಡಿದ್ದಳು, ಮನೆಯಲ್ಲಿ ಎಷ್ಟು ವರ್ಷ ಓದಿಸುವ ಶಕ್ತಿ ಇದೆ, ಮುಂದೆ ಊರಲ್ಲೇ ಇರಬೇಕೋ ಹೊರಗೆ ಹೋಗಬೇಕೋ, ಇಷ್ಟಾದರೂ ಗೊತ್ತಾಗಬೇಕು. ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಮಾಡಿ, ಕೆಲಸಕ್ಕೆ ಸೇರಿ, ಐದು ವರ್ಷ ಬಿಟ್ಟು ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದವಳು. ಎರಡೂ ದಾರಿಯಲ್ಲಿ ನಡೆದಿದ್ದೇನೆ. ಕಳೆದ ವರ್ಷ ನನ್ನ ಅಕ್ಕನ ಮಗಳು ಸಿಇಟಿ ಬರೆದು ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ನಮೂದಿಸಲು ಕುಳಿತಾಗ ಇಬ್ಬರೂ ಎರಡು ರಾತ್ರಿ ಕಾಲೇಜುಗಳ ಪಟ್ಟಿ ಹಿಡಿದು ವಾದ ಮಾಡಿದೆವು. ಆಗ ಅವಳಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಆಗುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ

ಹಳ್ಳಿಯ ತಾಯಿ, ಮಗುವಿನ ಆರೈಕೆಗೆ ತಯಾರು ಮಾಡುವ ಎಎನ್‌ಎಂ ಎರಡು ವರ್ಷ. ಜಿಎನ್‌ಎಂ ಮೂರು ವರ್ಷ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಜಿಎನ್‌ಎಂ ಮುಗಿಸಿದವರಿಗೆ ಪೋಸ್ಟ್ ಬೇಸಿಕ್ ಬಿಎಸ್ಸಿ ಎರಡು ವರ್ಷ. ಅದರ ಮೇಲೆ ಎಂಎಸ್ಸಿ ಎರಡು ವರ್ಷ. ಇದರಲ್ಲಿ ಮೊದಲ ಎರಡಕ್ಕೂ ವಿಶ್ವವಿದ್ಯಾಲಯಕ್ಕೂ ಸಂಬಂಧ ಇಲ್ಲ. ಜಿಎನ್‌ಎಂ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಪದವಿ ಅನ್ನುವುದು ಶುರುವಾಗುವುದೇ ಬಿಎಸ್ಸಿಯಿಂದ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ಮೈಸೂರಿನಲ್ಲಿ ಓದಿದರೆ ಮೈಸೂರು ವಿಶ್ವವಿದ್ಯಾಲಯದ ಡಿಗ್ರಿ ಸಿಗುತ್ತದೆ ಅಂದುಕೊಂಡಿರುತ್ತಾರೆ. 1916ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದ ಹೆಸರು ದೊಡ್ಡದು, ಸರಿ. ಆದರೆ ನಮ್ಮ ರಾಜ್ಯದ ಸರ್ಕಾರಿ ನರ್ಸಿಂಗ್ ಕಾಲೇಜುಗಳು, ಜೊತೆಗೆ ಹೆಚ್ಚಿನ ಖಾಸಗಿ ಕಾಲೇಜುಗಳು ಸೇರಿರುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಅದು ಶುರುವಾಗಿದ್ದು 1996ರಲ್ಲಿ. ನೀವು ಓದುವುದು ಮಂಡ್ಯದಲ್ಲಿರಲಿ, ಮೈಸೂರಿನಲ್ಲಿರಲಿ, ಬೀದರ್‌ನಲ್ಲಿರಲಿ, ಈ ವಿಶ್ವವಿದ್ಯಾಲಯದ ಕಾಲೇಜಾದರೆ ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಕೊನೆಗೆ ಕೈಗೆ ಬರುವ ಡಿಗ್ರಿಯೂ ಒಂದೇ.

ಹಾಗಾದರೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ವ್ಯತ್ಯಾಸ ಎಲ್ಲಿ? ನನ್ನ ಪ್ರಕಾರ ಮುಕ್ಕಾಲು ಪಾಲು ವ್ಯತ್ಯಾಸ ಆ ಕಾಲೇಜಿನ ಮಕ್ಕಳು ಪೋಸ್ಟಿಂಗಿಗೆ, ಅಂದರೆ ವಾರ್ಡ್‌ನಲ್ಲಿ ಕೆಲಸ ಕಲಿಯಲು ಹೋಗುವ ಆಸ್ಪತ್ರೆಯಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಜಿಎನ್‌ಎಂ ಮತ್ತು ಬಿಎಸ್ಸಿ

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿ, ಮೂರೂ ಸೇರಿ ನೂರಕ್ಕೆ 45 ಬಂದಿದ್ದರೆ, ಇಂಗ್ಲಿಷ್ ಪಾಸಾಗಿದ್ದರೆ ಬಿಎಸ್ಸಿ ನರ್ಸಿಂಗ್ ಸೇರಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ 40 ಸಾಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಜಿಎನ್‌ಎಂಗೆ ಸೈನ್ಸೇ ಆಗಬೇಕು ಅಂತಿಲ್ಲ. ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಒಟ್ಟು 40, ಇಂಗ್ಲಿಷಿನಲ್ಲೂ 40 ಬಂದಿರಬೇಕು.

ಆರ್ಟ್ಸ್ ಓದಿದ ಮಗು ನರ್ಸ್ ಆಗಬೇಕು ಅಂದರೆ ಜಿಎನ್‌ಎಂ ಸರಿಯಾದ ದಾರಿ. ಅದರಲ್ಲಿ ಕೀಳು ಅನ್ನುವುದು ಏನೂ ಇಲ್ಲ. ನಮ್ಮ ವಾರ್ಡ್‌ಗಳಲ್ಲಿ ಕೈಕೆಲಸ ಚೆನ್ನಾಗಿ ಗೊತ್ತಿರುವ ಸೀನಿಯರ್‌ಗಳಲ್ಲಿ ಬಹಳ ಜನ ಜಿಎನ್‌ಎಂ ಮಾಡಿದವರೇ. ಆದರೆ ಸೈನ್ಸ್ ಓದಿ, ಅರ್ಹತೆಯ ಅಂಕವೂ ಇದ್ದು, 'ಒಂದು ವರ್ಷ ಉಳಿಯುತ್ತೆ' ಅಂತ ಜಿಎನ್‌ಎಂಗೆ ಹೋಗುವವರನ್ನು ನಾನು ಕೈ ಹಿಡಿದು ತಡೆಯುತ್ತೇನೆ. ಯಾಕೆ ಅಂದರೆ ಆ ಒಂದು ವರ್ಷ ಉಳಿಯುವುದಿಲ್ಲ. ಇವತ್ತಲ್ಲ ನಾಳೆ ಡಿಗ್ರಿ ಬೇಕೇ ಆಗುತ್ತದೆ. ಆಗ ಪೋಸ್ಟ್ ಬೇಸಿಕ್ ಎರಡು ವರ್ಷ. ಮೂರು, ಎರಡು, ಒಟ್ಟು ಐದಾಯಿತು. ನೇರವಾಗಿ ಬಿಎಸ್ಸಿ ಮಾಡಿದ್ದರೆ ನಾಲ್ಕೇ. ಅಷ್ಟೇ ಅಲ್ಲ, ಆ ಎರಡು ವರ್ಷ ಸಂಬಳ ಬಿಟ್ಟು ಕೂರಬೇಕು. ನಾನು ಪೋಸ್ಟ್ ಬೇಸಿಕ್ ಸೇರಿದಾಗ ಮಗನಿಗೆ ಎರಡು ವರ್ಷ. ಅವನನ್ನು ಊರಲ್ಲಿ ಅಮ್ಮನ ಹತ್ತಿರ ಬಿಟ್ಟು ಓದಿದೆ. ಶನಿವಾರ ಸಂಜೆ ಬಸ್ ಇಳಿದಾಗ ಅವನು ನನ್ನ ಹತ್ತಿರ ಬರಲು ನಾಚಿಕೊಂಡು ಅಜ್ಜಿಯ ಸೆರಗು ಹಿಡಿದು ನಿಲ್ಲುತ್ತಿದ್ದ. ಹದಿನೇಳನೇ ವಯಸ್ಸಿನಲ್ಲಿ ಮಾಡಬಹುದಾದ ಓದನ್ನು ಮೂವತ್ತರ ಹತ್ತಿರ ಮಾಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಕೆಲಸದ ವಿಷಯದಲ್ಲೂ ಇದು ಕಾಣುತ್ತದೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಿಗೆ ನರ್ಸಿಂಗ್ ಆಫೀಸರ್‌ಗಳನ್ನು ತೆಗೆದುಕೊಳ್ಳುವ ನಾರ್ಸೆಟ್ ಪರೀಕ್ಷೆ 2020ರಿಂದ ನಡೆಯುತ್ತಿದೆ. ಬಿಎಸ್ಸಿ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಈ ಹುದ್ದೆಯ ಮೂಲ ವೇತನ ತಿಂಗಳಿಗೆ 44,900ರಿಂದ ಶುರು. ನಮ್ಮ ಕಡೆಯ ಮಕ್ಕಳು ಇಂಥ ಪರೀಕ್ಷೆ ಬರೆಯುವುದೇ ಕಡಿಮೆ. ದಯವಿಟ್ಟು ಬರೆಯಿರಿ. ಇನ್ನು ಉಪಕೇಂದ್ರ ಮಟ್ಟದ ಸಮುದಾಯ ಆರೋಗ್ಯ ಅಧಿಕಾರಿ ಕೆಲಸ ಇದೆ. ಅದಕ್ಕೆ ಬೇಕಾದ ಪಾಠವನ್ನು ಈಗಿನ ಬಿಎಸ್ಸಿ ಪಠ್ಯದ ಒಳಗೇ ಸೇರಿಸಿದ್ದಾರೆ. ಹಳ್ಳಿಯಲ್ಲೇ ಇದ್ದು ಕೆಲಸ ಮಾಡುವ ಆಸೆ ಇರುವವರಿಗೆ ಇದು ಒಳ್ಳೆಯ ಅವಕಾಶ.

ಪಾಠ ಮಾಡುವ ಆಸೆ ಇದ್ದರಂತೂ ಬಿಎಸ್ಸಿ ಬೇಕೇ ಬೇಕು. ಎಂಎಸ್ಸಿಗೆ ಬಿಎಸ್ಸಿಯಲ್ಲಿ 55 ಪರ್ಸೆಂಟ್ ಮತ್ತು ಒಂದು ವರ್ಷದ ಅನುಭವ ಕೇಳುತ್ತಾರೆ. ಮೆಡಿಕಲ್ ಸರ್ಜಿಕಲ್, ಮಕ್ಕಳ ವಿಭಾಗ, ಹೆರಿಗೆ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಈ ಐದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಜಿಎನ್‌ಎಂ ಮುಚ್ಚಿಬಿಡುತ್ತಾರೆ ಅನ್ನುವ ಸುದ್ದಿ ಕೆಲವು ವರ್ಷಗಳಿಂದ ಓಡಾಡುತ್ತಿದೆ. ಅದನ್ನು ಕೇಳಿ ಹೆದರಬೇಡಿ. ಓದಿ ನೋಂದಣಿ ಆದವರ ಹಕ್ಕು ಎಲ್ಲಿಗೂ ಹೋಗುವುದಿಲ್ಲ.

ಎಎನ್‌ಎಂ ಬಗ್ಗೆ ಎರಡೇ ಮಾತು. ನಮ್ಮ ಹಳ್ಳಿಗಳಲ್ಲಿ ಚುಚ್ಚುಮದ್ದು, ಬಾಣಂತಿ, ಮಗು ಅಂದರೆ ನೆನಪಾಗುವುದೇ ಎಎನ್‌ಎಂ ಸಿಸ್ಟರ್. ಈಗ ಅವರನ್ನು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಅಂತ ಕರೆಯುತ್ತಾರೆ. ಬೇಗ ದುಡಿಯಲೇಬೇಕು ಅನ್ನುವ ಮನೆಯ ಹುಡುಗಿಗೆ ಅದೂ ಒಂದು ದಾರಿ. ಎಎನ್‌ಎಂ ಆದಮೇಲೆ ಜಿಎನ್‌ಎಂ ಸೇರಲು ಅವಕಾಶವೂ ಇದೆ.

ಸರ್ಕಾರಿ ಕಾಲೇಜು ಮತ್ತು ಖಾಸಗಿ ಕಾಲೇಜು

ನಾನು ಜಿಎನ್‌ಎಂ ಓದಿದ್ದು ಒಂದು ಖಾಸಗಿ ಸಂಸ್ಥೆಯಲ್ಲಿ. ಊರು, ಹೆಸರು ಬೇಡ. ಕಟ್ಟಡ ಚೆನ್ನಾಗಿತ್ತು. ಲ್ಯಾಬಿನಲ್ಲಿ ಹೊಸ ಡಮ್ಮಿ ಗೊಂಬೆ ಮಲಗಿಸಿದ್ದರು. ಅಪ್ಪ ಅದನ್ನು ನೋಡಿಯೇ ಫೀಸು ಕಟ್ಟಿ ಬಂದರು. ಆದರೆ ಆ ಸಂಸ್ಥೆಗೆ ಸ್ವಂತ ಆಸ್ಪತ್ರೆ ಇರಲಿಲ್ಲ. ವ್ಯಾನಿನಲ್ಲಿ ತುಂಬಿಕೊಂಡು ಬೇರೆ ಆಸ್ಪತ್ರೆಗೆ ಬಿಡುತ್ತಿದ್ದರು. ಅಲ್ಲಿ ಆಗಲೇ ಬೇರೆ ಎರಡು ಕಾಲೇಜಿನ ಮಕ್ಕಳು ನಿಂತಿರುತ್ತಿದ್ದರು. ಒಬ್ಬ ರೋಗಿಯ ಸುತ್ತ ಎಂಟು ಜನ. ಅಲ್ಲಿಯ ಸಿಸ್ಟರ್‌ಗಳಿಗೆ ನಾವು ಅಡ್ಡ. ಬಿಪಿ ನೋಡಿ, ಟೆಂಪರೇಚರ್ ಬರೆದು, ಗೋಡೆಗೆ ಒರಗಿ ನಿಂತು ಬರುತ್ತಿದ್ದೆವು. ಮೂರು ವರ್ಷ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನಾನು ಮೊದಲ ಸಲ ಸ್ವಂತವಾಗಿ ಕ್ಯಾನುಲಾ, ಅಂದರೆ ಡ್ರಿಪ್ ಕೊಡುವ ಸೂಜಿಕೊಳವೆ ಹಾಕಿದ್ದು. ಒಬ್ಬ ತಾತನ ಕೈಗೆ. ಮೂರು ಸಲ ಚುಚ್ಚಿದೆ. ಅವರು 'ಪರವಾಗಿಲ್ಲ ಕಣವ್ವ, ನಿಧಾನಕ್ಕೆ ಹಾಕು' ಅಂದರು. ಆ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರ ಕೈ ನೋಯಿಸಿ ಕಲಿತದ್ದನ್ನು ನಾನು ಎರಡನೇ ವರ್ಷದಲ್ಲಿ, ಪಕ್ಕದಲ್ಲಿ ಮೇಡಂ ನಿಂತಿರುವಾಗ ಕಲಿಯಬೇಕಿತ್ತು.

ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದ ನರ್ಸಿಂಗ್ ಕಾಲೇಜನ್ನು ನಾನು ಪಟ್ಟಿಯ ಮೇಲೆ ಇಡುವುದು ಇದಕ್ಕೇ. ಫೀಸು ಕಡಿಮೆ ಅನ್ನುವುದು ಎರಡನೇ ಕಾರಣ. ಅಲ್ಲಿ ರೋಗಿಗಳಿಗೆ ಕೊರತೆ ಇಲ್ಲ. ಹಾವು ಕಚ್ಚಿದವರು, ವಿಷ ಕುಡಿದವರು, ಸುಟ್ಟ ಗಾಯದವರು, ತಿಂಗಳು ತುಂಬದೆ ಹುಟ್ಟಿದ ಮಕ್ಕಳು, ಎಲ್ಲರೂ ಬರುವುದು ಅಲ್ಲಿಗೇ. ಪುಸ್ತಕದಲ್ಲಿ ಓದಿದ್ದನ್ನು ಅದೇ ವಾರ ಕಣ್ಣಿಂದ ನೋಡಬಹುದು. ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಜನ ಜಾಸ್ತಿ, ಗಲಾಟೆ ಜಾಸ್ತಿ. ಎಷ್ಟೋ ಸಲ ಗ್ಲೌಸ್ ಕೂಡ ಎಣಿಸಿ ಕೊಡುತ್ತಾರೆ. ಹೇಳಿಕೊಡುವವರಿಗೆ ನಿಲ್ಲಲು ಪುರುಸೊತ್ತು ಇರುವುದಿಲ್ಲ. ಕಲಿಯುವ ಹಠ ಮಗುವಿಗೇ ಇರಬೇಕು.

ಖಾಸಗಿ ಅಂದ ಮಾತ್ರಕ್ಕೆ ಬೇಡ ಅನ್ನಬೇಡಿ. ಮೈಸೂರಿನಲ್ಲಿ ಸ್ವಂತ ದೊಡ್ಡ ಆಸ್ಪತ್ರೆ ಇಟ್ಟುಕೊಂಡು, ಅಚ್ಚುಕಟ್ಟಾಗಿ ಕಲಿಸುವ ಸಂಸ್ಥೆಗಳಿವೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಿಂದ ಇದೆ. ಜೆಎಸ್‌ಎಸ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಇಂಥ ಕಡೆ ಮಕ್ಕಳಿಗೆ ಕೆಲಸದ ಶಿಸ್ತು ಚೆನ್ನಾಗಿ ಬರುತ್ತದೆ. ಚಾರ್ಟ್ ಬರೆಯುವುದು, ಸೋಂಕು ಹರಡದಂತೆ ನೋಡಿಕೊಳ್ಳುವುದು, ರೋಗಿಯ ಕಡೆಯವರ ಜೊತೆ ಮಾತಾಡುವುದು, ಇವನ್ನೆಲ್ಲ ಸಮಾಧಾನವಾಗಿ ಹೇಳಿಕೊಡುತ್ತಾರೆ. ಖಾಸಗಿ ಕಾಲೇಜಿನಲ್ಲೂ ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಸಿಗುತ್ತದೆ. ಅದರ ಫೀಸಿಗೂ ಮ್ಯಾನೇಜ್‌ಮೆಂಟ್ ಸೀಟಿನ ಫೀಸಿಗೂ ಬಹಳ ಅಂತರ.

ನಾನು ಬೇಡ ಅನ್ನುವುದು ಸ್ವಂತ ಆಸ್ಪತ್ರೆಯೇ ಇಲ್ಲದ ಕಾಲೇಜನ್ನು. ಏಜೆಂಟ್ ಮನೆ ಬಾಗಿಲಿಗೆ ಬಂದು 'ಇವತ್ತೇ ಅಡ್ವಾನ್ಸ್ ಕೊಡಿ, ನಾಳೆ ಸೀಟಿರಲ್ಲ' ಅಂದರೆ ಅಲ್ಲಿಗೇ ಕೈಮುಗಿದುಬಿಡಿ.

ಕಾಲೇಜು ನೋಡಲು ಹೋಗುವಾಗ ಆಫೀಸಿಗೆ ಆಮೇಲೆ ಹೋಗಿ. ಮೊದಲು ಬೆಳಿಗ್ಗೆ ಎಂಟು ಗಂಟೆಗೆ ಅವರ ಆಸ್ಪತ್ರೆಗೆ ಹೋಗಿ. ಯೂನಿಫಾರ್ಮ್ ಹಾಕಿದ ಮಕ್ಕಳು ಎಲ್ಲಿದ್ದಾರೆ ನೋಡಿ. ರೋಗಿಯ ಪಕ್ಕದಲ್ಲಿದ್ದಾರೋ, ಕಾರಿಡಾರ್‌ನಲ್ಲಿ ರೆಕಾರ್ಡ್ ಬರೆಯುತ್ತಾ ಕೂತಿದ್ದಾರೋ? ಬೆಡ್‌ಗಳು ತುಂಬಿವೆಯೋ ಖಾಲಿ ಇವೆಯೋ? ಮೂರನೇ ವರ್ಷದ ಒಬ್ಬಳನ್ನು ನಿಲ್ಲಿಸಿ ಮೆಲ್ಲಗೆ ಕೇಳಿ, 'ಹೆರಿಗೆ ಕೇಸ್ ಎಲ್ಲಿ ನೋಡ್ತೀರವ್ವ? ನೀವೇ ಮಾಡಿಸ್ತೀರಾ?' ಅಂತ. ಮಿಡ್‌ವೈಫರಿಯಲ್ಲಿ, ಅಂದರೆ ಹೆರಿಗೆಯ ವಿಷಯದಲ್ಲಿ ಮಕ್ಕಳು ಸ್ವತಃ ಹೆರಿಗೆ ಮಾಡಿಸಿ ಕೇಸ್ ಬುಕ್‌ನಲ್ಲಿ ಬರೆಯಬೇಕು. ನಿಂತು ನೋಡಿದ್ದನ್ನೇ ಮಾಡಿಸಿದೆ ಅಂತ ಬರೆಯುವ ಕಾಲೇಜು ಯಾವುದು ಅನ್ನುವುದು ಅವಳ ಮುಖದಲ್ಲೇ ತಿಳಿಯುತ್ತದೆ.

ಮೂಲ ಅಂಕಪಟ್ಟಿಯ ವಿಷಯ ಈಗಲೇ ಹೇಳಿಬಿಡುತ್ತೇನೆ. ನನ್ನ ಜೊತೆ ಓದುತ್ತಿದ್ದ ಒಬ್ಬಳಿಗೆ ಮನೆಯ ಕಷ್ಟದಿಂದ ಮಧ್ಯದಲ್ಲೇ ಬಿಡಬೇಕಾಯಿತು. ಪೂರ್ತಿ ಫೀಸು ಕಟ್ಟುವ ತನಕ ಅವಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ. ಒಂದು ವರ್ಷ ಅವಳ ಅಪ್ಪ ಅಲೆದರು. ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲಪ್ರತಿ ವಾಪಸ್ ತೆಗೆದುಕೊಳ್ಳಿ. ಕೊಡಲ್ಲ ಅಂದರೆ ಬರೆದುಕೊಡಿ ಅಂತ ಕೇಳಿ.

ಮೈಸೂರೋ ಮಂಡ್ಯವೋ

ಇದೇ ನಮ್ಮ ಮನೆಯಲ್ಲಿ ಎರಡು ರಾತ್ರಿ ನಡೆದ ವಾದ.

ಮೈಸೂರು ಮೆಡಿಕಲ್ ಕಾಲೇಜು 1924ರದ್ದು. ಮೊದಲು ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಅದರ ಕೆಳಗೆ ಕೆ.ಆರ್. ಆಸ್ಪತ್ರೆ, ಹೆರಿಗೆ ಮತ್ತು ಮಕ್ಕಳಿಗೆ ಚೆಲುವಾಂಬ, ಕ್ಷಯ ಮತ್ತು ಎದೆಯ ಕಾಯಿಲೆಗೆ ಪಿಕೆಟಿಬಿ. ಎಲ್ಲ ಸೇರಿ ಸಾವಿರಕ್ಕೂ ಮೀರಿ ಹಾಸಿಗೆ. ಮೈಸೂರಿನವರ ಬಾಯಲ್ಲಿ ಕೆ.ಆರ್. ಅಂದರೆ ದೊಡ್ಡಾಸ್ಪತ್ರೆ. ಚಾಮರಾಜನಗರ, ಕೊಡಗು, ಮಂಡ್ಯ, ಹಾಸನ, ಎಲ್ಲ ಕಡೆಯಿಂದ ರೆಫರ್ ಆದವರು ಬರುತ್ತಾರೆ. ಅಲ್ಲಿಯ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ಓದಿದ ಮಗು ನಾಲ್ಕು ವರ್ಷದಲ್ಲಿ ನೋಡದ ಕೇಸ್ ಇಲ್ಲ ಅನ್ನಬಹುದು. ಚೆಲುವಾಂಬದ ಲೇಬರ್ ವಾರ್ಡ್‌ನಲ್ಲಿ ಒಂದು ತಿಂಗಳು ನಿಂತವಳು ಜೀವಮಾನದಲ್ಲಿ ಹೆರಿಗೆಗೆ ಹೆದರುವುದಿಲ್ಲ.

ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್ ಶುರುವಾಗಿದ್ದು 2006ರಲ್ಲಿ. ಹಳೇ ಜಿಲ್ಲಾಸ್ಪತ್ರೆಯೇ ಅದರ ಆಸ್ಪತ್ರೆ. ದೊಡ್ಡಾಸ್ಪತ್ರೆಯಷ್ಟು ವಿಭಾಗಗಳ ಹರವು ಇಲ್ಲ. ಆದರೆ ಜಿಲ್ಲೆಯ ಏಳೂ ತಾಲ್ಲೂಕಿನ ಜನ ಬರುವುದು ಅಲ್ಲಿಗೆ. ಬೆಂಗಳೂರು ಮೈಸೂರು ಹೆದ್ದಾರಿ ಊರ ಪಕ್ಕದಲ್ಲೇ ಇರುವುದರಿಂದ ಅಪಘಾತದ ಕೇಸ್‌ಗಳೂ ಬರುತ್ತವೆ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವರು, ಆಲೆಮನೆಯಲ್ಲಿ ಬೆಲ್ಲದ ಪಾಕ ಬಿದ್ದು ಸುಟ್ಟುಕೊಂಡವರು, ಇಂಥವರನ್ನು ಮೊದಲು ಕರೆತರುವುದೂ ಅಲ್ಲಿಗೇ.

ನಾನು ಮೈಸೂರು ಅಂದೆ. ಅಕ್ಕನ ಮಗಳು ಮಂಡ್ಯ ಅಂದಳು. 'ಚಿಕ್ಕಮ್ಮ, ದೊಡ್ಡಾಸ್ಪತ್ರೇಲಿ ಬೇರೆ ಕಾಲೇಜಿನೋರೂ ಬರ್ತಾರೆ, ಮೆಡಿಕಲ್ ಮಕ್ಕಳೂ ಇರ್ತಾರೆ. ನನ್ನ ಕೈಗೆ ಕೆಲಸ ಸಿಗುತ್ತಾ?' ಅಂತ ಕೇಳಿದಳು. ಗೋಡೆಗೆ ಒರಗಿ ನಿಂತ ಕಥೆಯನ್ನು ನಾನೇ ಅವಳಿಗೆ ಹೇಳಿದ್ದೆ, ಅಲ್ವಾ? ಅದನ್ನೇ ನನಗೆ ತಿರುಗಿಸಿ ಕೇಳಿದಳು. ಅವಳ ಮಾತಿನಲ್ಲಿ ಸತ್ಯ ಇತ್ತು. ಆದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಮುನ್ನುಗ್ಗಿ ಕೇಳಿ ಕಲಿಯುವ ಸ್ವಭಾವದವರಿಗೆ ಮೈಸೂರು ಜಾಸ್ತಿ ಕೊಡುತ್ತದೆ. ಸ್ವಲ್ಪ ಮೆತ್ತಗಿನ ಮಗು, ಯಾರಾದರೂ ಹೆಸರು ಹಿಡಿದು ಕರೆದರೆ ಮಾತ್ರ ಮುಂದೆ ಬರುತ್ತದೆ ಅನ್ನುವ ಹಾಗಿದ್ದರೆ ಚಿಕ್ಕ ಊರಿನ ಕಾಲೇಜು ಒಳ್ಳೆಯದು. ಅಕ್ಕನ ಮಗಳು ಎರಡನೇ ಥರದವಳು. ಅದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಓಡಾಟವನ್ನೂ ಲೆಕ್ಕ ಹಾಕಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಅದಕ್ಕೇ ಎಷ್ಟೋ ಅಪ್ಪಂದಿರು 'ಹಾಸ್ಟೆಲ್ ಬೇಡ, ದಿನಾ ಹೋಗಿ ಬರಲಿ' ಅನ್ನುತ್ತಾರೆ. ಬಿಎ, ಬಿಕಾಂಗೆ ಅದು ಸರಿ. ನರ್ಸಿಂಗಿಗೆ ಬೇಡ. ಬೆಳಗಿನ ಡ್ಯೂಟಿ ಶುರುವಾಗುವ ಹೊತ್ತಿಗೆ ವಾರ್ಡ್‌ನಲ್ಲಿ ಇರಬೇಕಾದರೆ ಹಳ್ಳಿಯ ಹುಡುಗಿ ನಾಲ್ಕೂವರೆಗೆ ಏಳಬೇಕು. ಮಧ್ಯಾಹ್ನದ ಪಾಳಿ ಮುಗಿಯುವುದು ರಾತ್ರಿ. ಮುಂದೆ ನೈಟ್ ಪೋಸ್ಟಿಂಗ್ ಬೇರೆ. ಹಾಸ್ಟೆಲ್ ಸಿಗುತ್ತದೆಯೋ ಇಲ್ಲವೋ, ಅಲ್ಲಿಂದ ಆಸ್ಪತ್ರೆಗೆ ರಾತ್ರಿ ಹೊತ್ತು ಹೇಗೆ ಹೋಗುತ್ತಾರೆ ಅನ್ನುವುದನ್ನು ಸೇರುವ ಮೊದಲೇ ಕೇಳಿ.

ಸೀಟು ಹೇಗೆ ಸಿಗುತ್ತದೆ

ಬಿಎಸ್ಸಿ ನರ್ಸಿಂಗ್ 2023ರಿಂದ ಸಿಇಟಿ ವ್ಯಾಪ್ತಿಗೆ ಬಂದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಸೀಟು ಹಂಚುತ್ತದೆ. ಇದಕ್ಕೆ ನೀಟ್ ಬೇಕಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಒಂದೊಂದಕ್ಕೂ 60 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಿಇಟಿಗೆ ಅರ್ಜಿ ಹಾಕುವುದು ಪಿಯುಸಿ ರಿಸಲ್ಟಿಗೆ ಎಷ್ಟೋ ಮೊದಲೇ. 'ರಿಸಲ್ಟ್ ಬರಲಿ, ನೋಡೋಣ' ಅಂತ ಕೂತವರು ಆ ವರ್ಷ ಸರ್ಕಾರಿ ಸೀಟು ಮರೆಯಬೇಕಾಗುತ್ತದೆ. ಪ್ರತಿ ವರ್ಷ ಇಂಥ ಒಂದೆರಡು ಫೋನ್ ಬರುತ್ತವೆ. ಏನೂ ಮಾಡಲಾಗದೆ ಸುಮ್ನೆ ಇರಬೇಕಾಗುತ್ತದೆ.

ಮಂಡ್ಯ ಜಿಲ್ಲೆಯ ಮಕ್ಕಳು ಕಳೆದುಕೊಳ್ಳಬಾರದ ಎರಡು ಮೀಸಲಾತಿ ಇವೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟ್. ಓದಿದ ಶಾಲೆಯಲ್ಲಿ ಬರೆಸಿ, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಹಾಕಿಸಬೇಕು. ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ, ಹೆಡ್‌ಮಾಸ್ಟರ್ ಸಿಗುವುದಿಲ್ಲ. ಮಾರ್ಚ್ ಒಳಗೇ ಮಾಡಿಸಿಟ್ಟುಕೊಳ್ಳಿ. ಜಾತಿ, ಆದಾಯ ಪತ್ರ ಹಳೆಯದಾಗಿದ್ದರೆ ನಾಡಕಚೇರಿಗೂ ಆಗಲೇ ಹೋಗಿ ಬನ್ನಿ.

ದುಡ್ಡಿನ ವಿಷಯಕ್ಕೆ, ವಿದ್ಯಾರ್ಥಿವೇತನದ ಅರ್ಜಿ ಎಲ್ಲ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರು ಮಾಡಿದಾಗ ನರ್ಸಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000 ರೂಪಾಯಿ ಅಂತ ಇಟ್ಟಿದ್ದರು. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಕೊಡುತ್ತಾರೆ. ಫೀಸಿನ ಜೊತೆಗೆ ಯೂನಿಫಾರ್ಮ್, ಶೂ, ರೆಕಾರ್ಡ್ ಪುಸ್ತಕ, ಬಿಪಿ ಉಪಕರಣ, ಹೊರಗಿನ ಪೋಸ್ಟಿಂಗಿನ ಓಡಾಟ ಅಂತ ಖರ್ಚು ಬರುತ್ತದೆ. ಕಬ್ಬಿನ ಬಿಲ್ಲು ಬಂದಮೇಲೆ ಕಟ್ಟೋಣ ಅಂದುಕೊಳ್ಳುವ ಮನೆಗಳಿಗೆ ಈ ಚಿಲ್ಲರೆ ಖರ್ಚೇ ಕಷ್ಟ ಕೊಡುವುದು.

ನಾಲ್ಕು ವರ್ಷದಲ್ಲಿ ಏನಿರುತ್ತದೆ

ಈಗ ಬಿಎಸ್ಸಿ ಎಂಟು ಸೆಮಿಸ್ಟರ್. ಮೊದಲ ಸೆಮಿಸ್ಟರ್‌ನಲ್ಲೇ ಅನಾಟಮಿ, ಫಿಸಿಯಾಲಜಿ ಬರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಅಳುವುದು ಇಲ್ಲೇ. ನಾನೂ ಅತ್ತಿದ್ದೇನೆ. ಒಂದೊಂದು ಮೂಳೆಯ ಹೆಸರೂ ಒಂದೊಂದು ಮಂತ್ರದ ಹಾಗೆ ಕೇಳುತ್ತದೆ. ಮೂರು ತಿಂಗಳು ಹಿಡಿದರೆ ಸಾಕು, ಆಮೇಲೆ ನಾಲಿಗೆಗೆ ಒಗ್ಗುತ್ತದೆ. ದಿನಕ್ಕೆ ಹತ್ತು ಪದ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಳ್ಳಿ. ರಾತ್ರಿ ರೂಮ್‌ಮೇಟ್‌ಗೆ ಒಪ್ಪಿಸಿ.

ಕ್ಲಾಸಿಗೆ 80 ಪರ್ಸೆಂಟ್ ಹಾಜರಿ ಬೇಕು. ವಾರ್ಡ್ ಪೋಸ್ಟಿಂಗ್ ಮಾತ್ರ ಕೊನೆಗೆ ನೂರಕ್ಕೆ ನೂರು ಆಗಿರಲೇಬೇಕು. ತಪ್ಪಿಸಿಕೊಂಡ ದಿನಗಳನ್ನು ಆಮೇಲೆ ಮಾಡಿ ತುಂಬಬೇಕು. ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್, 22 ವಾರ, ವಾರಕ್ಕೆ 48 ಗಂಟೆ. ಮದುವೆ, ಜಾತ್ರೆ, ಹಬ್ಬ ಅಂತ ಮಗಳನ್ನು ಊರಿಗೆ ಕರೆಸುವ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲಿ.

ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ. ಆ ನಂಬರ್ ಇದ್ದರೆ ಮಾತ್ರ ನರ್ಸ್. 'ಆರು ತಿಂಗಳಲ್ಲಿ ನರ್ಸ್ ಆಗಿ' ಅಂತ ಬಸ್‌ಸ್ಟ್ಯಾಂಡ್ ಪಕ್ಕ ಬೋರ್ಡ್ ಹಾಕಿರುತ್ತಾರಲ್ಲ, ಆ ಸರ್ಟಿಫಿಕೇಟಿಗೆ ಈ ನೋಂದಣಿ ಸಿಗುವುದಿಲ್ಲ. ಅಲ್ಲಿ ಓದಿದ ಹುಡುಗಿಯರು ಹತ್ತು ವರ್ಷವಾದರೂ ಸಹಾಯಕಿಯರಾಗಿಯೇ ದುಡಿಯುವುದನ್ನು ನೋಡಿದ್ದೇನೆ. ಕೆಲಸ ನರ್ಸಿನದು, ಸಂಬಳ ಸಹಾಯಕಿಯದು. ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ಯಾರಾಮೆಡಿಕಲ್, ಅಲೈಡ್ ಹೆಲ್ತ್ ಕೋರ್ಸ್‌ಗಳು ಒಳ್ಳೆಯವೇ, ಆದರೆ ಬೇರೆ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್ ಟೆಕ್ನೀಷಿಯನ್ ಆಗಬಹುದು, ನರ್ಸ್ ಆಗಲು ಆಗುವುದಿಲ್ಲ.

ಇನ್ನೂ ಮೂರು ದಾರಿಗಳು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಎಸ್ಸಿ ನರ್ಸಿಂಗ್ ಇದೆ. ಅದಕ್ಕೆ ಅವರದೇ ಪ್ರವೇಶ ಪ್ರಕ್ರಿಯೆ, ಬೇರೆ ಅರ್ಜಿ ಹಾಕಬೇಕು. ಮನಸ್ಸಿನ ಕಾಯಿಲೆ, ಮೆದುಳು, ನರದ ತೊಂದರೆಗಳಲ್ಲಿ ಆಸಕ್ತಿ ಇರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ.

ಸೇನೆಯ ನರ್ಸಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷದ ಬಿಎಸ್ಸಿ ಓದಿ ಮಿಲಿಟರಿ ನರ್ಸಿಂಗ್ ಸೇವೆಗೆ ಸೇರಬಹುದು. ಹುಡುಗಿಯರಿಗೆ ಮಾತ್ರ, ಮದುವೆ ಆಗಿರಬಾರದು. ಇದಕ್ಕೆ ನೀಟ್ ಅಂಕ ಬೇಕು. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೂ ಇಂಥ ಕಾಲೇಜು ಇದೆ.

ಮೂರನೆಯದು ಆಗಲೇ ಜಿಎನ್‌ಎಂ ಮಾಡಿ ಕೆಲಸದಲ್ಲಿರುವ ನನ್ನಂಥವರಿಗೆ. ಕೆಲಸ ಬಿಡಲು ಆಗದಿದ್ದರೆ ದೂರಶಿಕ್ಷಣದ ವಿಶ್ವವಿದ್ಯಾಲಯ ಇಗ್ನೋದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ಮೂರು ವರ್ಷ, ಸೇರಲು ಪ್ರವೇಶ ಪರೀಕ್ಷೆ, ಎರಡು ವರ್ಷದ ಅನುಭವವೂ ಬೇಕು. ರೆಗ್ಯುಲರ್ ಕಾಲೇಜಿನಲ್ಲಾದರೆ ಎರಡೇ ವರ್ಷ, ಅನುಭವ ಕೇಳುವುದಿಲ್ಲ. ಮನೆಯವರು ಕೈ ಹಿಡಿಯುವುದಾದರೆ ರೆಗ್ಯುಲರ್ ಮಾಡಿ. ವಾರ್ಡ್‌ನಿಂದ ಸ್ವಲ್ಪ ದೂರ ನಿಂತು, ನಾವು ದಿನಾ ಮಾಡುವ ಕೆಲಸವನ್ನು ಯಾಕೆ ಹಾಗೆ ಮಾಡುತ್ತೇವೆ ಅಂತ ಯೋಚಿಸಲು ನನಗೆ ಆ ಎರಡು ವರ್ಷ ಸಿಕ್ಕಿತು.

ಗಂಡುಮಕ್ಕಳ ಬಗ್ಗೆ ಕೇಳುವವರೂ ಇದ್ದಾರೆ. ಧೈರ್ಯವಾಗಿ ಸೇರಿಸಿ. ಐಸಿಯು, ಓಟಿ, ಟ್ರಾಮಾದಲ್ಲಿ ಬ್ರದರ್‌ಗಳಿಲ್ಲದೆ ನಮ್ಮ ರಾತ್ರಿ ಪಾಳಿ ನಡೆಯುವುದಿಲ್ಲ. ಒಂದು ವಿಷಯ ಗೊತ್ತಿರಲಿ. ಏಮ್ಸ್‌ನ ನೇಮಕದಲ್ಲಿ ನೂರಕ್ಕೆ 80 ಹುದ್ದೆ ಹೆಣ್ಣುಮಕ್ಕಳಿಗೆ, 20 ಗಂಡುಮಕ್ಕಳಿಗೆ. ಪೈಪೋಟಿ ಜಾಸ್ತಿ. ಓದುವಾಗಲೇ ತಯಾರಿ ಶುರು ಮಾಡಬೇಕು.

ವಿದೇಶದ ಆಸೆ ಇದ್ದರೆ ಇಂಗ್ಲಿಷ್ ಮೇಲೆ ಮೊದಲ ವರ್ಷದಿಂದಲೇ ದುಡಿಯಿರಿ. ಬ್ರಿಟನ್ನಿಗೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಮಾತು, ಕೇಳುವುದರಲ್ಲಿ 7, ಬರವಣಿಗೆಯಲ್ಲಿ 6.5 ಬೇಕು. ಇಲ್ಲವಾದರೆ ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ ಒಇಟಿ ಬರೆಯಬಹುದು. ಜರ್ಮನಿಗೆ ಜರ್ಮನ್ ಭಾಷೆಯೇ ಕಲಿಯಬೇಕು.

ಅಕ್ಕನ ಮಗಳು ಕೊನೆಗೆ ಮಂಡ್ಯವನ್ನೇ ಮೊದಲನೇ ಆಪ್ಷನ್ ಹಾಕಿದಳು. ಮೈಸೂರನ್ನು ಎರಡನೆಯದಾಗಿ, ಸ್ವಂತ ಆಸ್ಪತ್ರೆ ಇರುವ ಎರಡು ಖಾಸಗಿ ಕಾಲೇಜುಗಳನ್ನು ಆಮೇಲೆ ಹಾಕಿದಳು. ಆಸ್ಪತ್ರೆ ಇಲ್ಲದ್ದನ್ನು ಒಂದೂ ಹಾಕಲಿಲ್ಲ. ಕೇಳಿದ್ದೇ ಸಿಕ್ಕಿತು. ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. ಮೊದಲ ಸಲ ಒಬ್ಬ ಅಜ್ಜಿಗೆ ಹಾಸಿಗೆಯಲ್ಲೇ ಮೈ ಒರೆಸಿ ಸ್ನಾನ ಮಾಡಿಸಿದಳಂತೆ. 'ಅಜ್ಜಿ ಕೈ ಬಿಡಲೇ ಇಲ್ಲ ಚಿಕ್ಕಮ್ಮ. ನಾಳೆನೂ ನೀನೇ ಬಾ ಅಂದರು. ಆದರೆ ನಾಳೆ ನಂಗೆ ಬೇರೆ ವಾರ್ಡ್ ಹಾಕಿದಾರೆ. ಮೇಡಂನ ಕೇಳಿ ಐದು ನಿಮಿಷ ಹೋಗಿಬರಬಹುದಾ?'

'ಕೇಳು,' ಅಂದೆ. 'ಖಂಡಿತ ಕಳಿಸ್ತಾರೆ.'